ರಾಮನಗರದ ಬಂಡೆಗಳು ಪದರಶಿಲೆಗಳೇ?

ಪ್ರಶ್ನೆ: ರಾಮನಗರದ ಬೆಟ್ಟಗಳಲ್ಲಿ ಬಂಡೆಗಳು ಪದರಪದರವಾಗಿ ಸುಲಿದಿರುವುದನ್ನು ಕಂಡೆ. ಇವು ಪದರಶಿಲೆಗಳೇ?

ಉತ್ತರ: ಅಲ್ಲ. ರಾಮನಗರದ ಪೂರ್ವನಾಮವಾದ ಕ್ಲೋಸ್‌ಪೇಟೆಯ ಹೆಸರಿನಿಂದಲೇ ಭೂವಿಜ್ಞಾನಿಗಳಿಗೆ ಪರಿಚಿತವಾದ, ಮಾಗಡಿಯ ಸಾವನದುರ್ಗವನ್ನೂ ಒಳಗೊಂಡ ಈ ಗ್ರಾನೈಟ್, ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಶಿಲಾದ್ರವವು ಮೆಲ್ಲಮೆಲ್ಲನೆ ಆರಿ ಘನೀಭವಿಸಿದ ಅಗ್ನಿಶಿಲೆ. ಮೇಲಣ ಶಿಲಾಭಾರವು ಕಾಲಾಂತರದಲ್ಲಿ ಸವೆದುಹೋಗಲು, ಅದುಮಿಟ್ಟಂತಿದ್ದ ಬಂಡೆಯು ಹಿಗ್ಗಿ, ಮೈಗೆ ಸಮಾನಾಂತರವಾಗಿ ಬಿರಿದು, ಈರುಳ್ಳಿಯ ಸಿಪ್ಪೆಯಂತೆ ಕಳಚುವುದರಿಂದ ಪದರಶಿಲೆಯೆಂಬ ಭ್ರಾಂತಿಯುಂಟಾಗುತ್ತದೆ.

ಹೊಸದಾಗಿ ಒಡೆದ ಚಕ್ಕೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿರಿ: ನಸುಗೆಂಪಾದ ಫೆಲ್ಡ್‌ಸ್ಪಾರ್ ಹರಳುಗಳೂ, ಗಾಜಿನ ಹೊಳಪಿನ ಬೆಣಚೂ, ಕಪ್ಪು ಅಭ್ರಕವೂ ಒಂದರೊಳಗೊಂದು ಹೆಣೆದುಕೊಂಡಿರುವುದು ಕಾಣುವುದು. ಬಾದಾಮಿಯ ಮರಳುಗಲ್ಲಿನಲ್ಲಾದರೋ, ನೀರು ಹೊತ್ತು ತಂದು ಹಾಸಿದ ಮರಳಿನ ಕಣಗಳು ಮೇಲಣ ಹೊರೆಯಿಂದ ಒತ್ತಿಹೋಗಿ, ಖನಿಜಗಳ ಬೆಸುಗೆಯಿಂದ ಕಲ್ಲಾಗಿರುವುದನ್ನೂ, ಅಂದಿನ ಪ್ರವಾಹದ ದಿಕ್ಕನ್ನು ಇಂದಿಗೂ ತೋರುವ ಓರೆಪದರಗಳನ್ನೂ ಗುರುತಿಸಬಹುದು. ಮನೆಯ ನೆಲಕ್ಕೆ ಹಾಸುವ ಶಹಾಬಾದಿನ ಕಲ್ಲೂ ಪದರಶಿಲೆಯೇ. ಸುಣ್ಣಕಲ್ಲಾದುದರಿಂದ ಆಮ್ಲ ಸೋಕಿದೊಡನೆ ನೊರೆಯುಕ್ಕುವುದು.

ಆದರೂ ಈ ಸೀಮೆಗೆ ಪದರಶಿಲೆಯ ಸಂಬಂಧವೇ ಇಲ್ಲವೆನ್ನಲಾಗದು: ಇಲ್ಲಿನ ಬೆಟ್ಟಗಳಿಂದ ಸವೆದ ಮರಳು ಅರ್ಕಾವತಿಯೊಡನೆ ಕನಕಪುರವನ್ನು ದಾಟಿ, ಸಂಗಮದಲ್ಲಿ ಕಾವೇರಿಯನ್ನು ಕೂಡಿ, ಯುಗಯುಗಗಳಿಂದ ಬಂಗಾಳ ಕೊಲ್ಲಿಯ ತೀರದಲ್ಲಿ ಭಾವೀ ಮರಳುಗಲ್ಲಿಗೆ ಸಾಮಗ್ರಿಯನ್ನು ಕೂಡಿಹಾಕಿದೆ.