ಹೊಳೆ ಸಾಕಿದ ಪಟ್ಟಣ

ಅಹಮದಾಬಾದಿನಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಹೋದರೆ ಸರಗ್ವಾಲಾ ಎಂಬ ಹಳ್ಳಿ ಸಿಗುತ್ತದೆ. ಅದರ ಹತ್ತಿರದ ಬಯಲಿನಲ್ಲಿ ಸುಟ್ಟ ಇಟ್ಟಿಗೆಯ ದೊಡ್ಡ ಕೊಳವೊಂದಿದೆ. ಉದ್ದ ಸುಮಾರು 215 ಮೀಟರ್, ಅಗಲ 36 ಮೀಟರ್. ಇದೇ ಲೋಥಲ್. 1954ರಲ್ಲಿ ಇಲ್ಲಿನ ದಿಬ್ಬವನ್ನು ಗುರುತಿಸಿ, ಮರುವರ್ಷದಿಂದ ಉತ್ಖನನ ನಡೆಸಿದವರು ಕನ್ನಡಿಗರೇ ಆದ ಶಿಕಾರಿಪುರ ರಂಗನಾಥ ರಾವ್.

ಸುಮಾರು 4,400 ವರ್ಷಗಳ ಹಿಂದೆ, ಹರಪ್ಪ ನಾಗರಿಕತೆಯ ವರ್ತಕರು ಬರುವ ಮೊದಲೇ, ಇಲ್ಲೊಂದು ಹಳ್ಳಿ ಇತ್ತು. ಅಲ್ಲಿನವರು ಮಾಡುತ್ತಿದ್ದುದು ಅಭ್ರಕ ಬೆರೆತು ಮಿನುಗುವ ಕೆಂಪು ಮಡಕೆ. ಆ ಹಳ್ಳಿಯೇ ಪಟ್ಟಣವಾಗಿ ಬೆಳೆದದ್ದೇಕೆ? ಉತ್ತರ ನೆಲದಲ್ಲೇ ಇದೆ. ಸುತ್ತ ಹೊಳೆಗಳು ತಂದು ಹಾಸಿದ ಫಲವತ್ತಾದ ಮಣ್ಣು, ಕೆಳಗೆ ಖಂಭಾತ್ ಕೊಲ್ಲಿ. ಅಲ್ಲಿ ಭರತದ ನೀರು ಹತ್ತು ಮೀಟರಿಗೂ ಮಿಕ್ಕಿ ಏರುವುದುಂಟು. ಆ ಏರಿಕೆಯ ಬೆನ್ನೇರಿ ದೋಣಿಗಳು ಒಳನಾಡಿಗೆ ಬರಬಹುದಿತ್ತು.

ಕೋಟೆಯೊಳಗಿನ ಊರು ಇಪ್ಪತ್ತು ಎಕರೆಯಷ್ಟೂ ಇರಲಿಲ್ಲ. ಆದರೂ ಅಲ್ಲಿ ಮಣಿ ಮಾಡುವ ಕಾರ್ಖಾನೆಯಿತ್ತು. ಅಕೀಕ್ ಕಲ್ಲನ್ನು ಹದವಾಗಿ ಕಾಯಿಸಿದರೆ ಅದರೊಳಗಿನ ಕಬ್ಬಿಣದ ಅಂಶ ಬದಲಾಗಿ ಕಲ್ಲು ಕೆಂಪೇರುತ್ತದೆ. ಖಂಭಾತಿನ ಕುಶಲಕರ್ಮಿಗಳು ಈ ವಿದ್ಯೆಯನ್ನು ಇಂದಿಗೂ ಬಿಟ್ಟಿಲ್ಲ. ಊರಿನ ಗೋದಾಮಿನಲ್ಲಿ ಸಿಕ್ಕ, ಮೂಟೆಗಳ ಗಂಟಿಗೆ ಒತ್ತಿದ್ದ ಮಣ್ಣಿನ ಮುದ್ರೆಗಳನ್ನು ತಿರುಗಿಸಿ ನೋಡಿ: ಹಿಂಬದಿಯಲ್ಲಿ ಬಟ್ಟೆಯ ನೇಯ್ಗೆ, ಹುರಿಹಗ್ಗದ ಎಳೆ, ಚಾಪೆಯ ಹೆಣಿಗೆ ಅಚ್ಚಾಗಿ ಉಳಿದಿವೆ. ಮೂಟೆ ಮಣ್ಣಾಯಿತು, ಗಂಟಿನ ಗುರುತು ಉಳಿಯಿತು.

ಆ ಕೊಳ ಹಡಗುಕಟ್ಟೆಯೆಂದರು ರಾವ್. ಬರಿಯ ನೀರಿನ ಕೆರೆ ಎಂದವರೂ ಇದ್ದಾರೆ. ಐಐಟಿ ಗಾಂಧಿನಗರದ ಸಂಶೋಧಕರು ಉಪಗ್ರಹ ಚಿತ್ರಗಳಲ್ಲಿ ಹಳೆಯ ನದೀಪಾತ್ರಗಳನ್ನು ಹುಡುಕಿದರು. ಈಗ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಸಾಬರಮತಿ ಆಗ ಲೋಥಲ್ ಪಕ್ಕದಲ್ಲೇ ಹರಿಯುತ್ತಿತ್ತು ಎಂದು 2024ರಲ್ಲಿ ತಿಳಿಸಿದರು. ಇದು ರಾವ್ ಅವರ ಮಾತಿಗೆ ಬಲ ತಂದಿದೆ.

ಸಾಕಿದ ನೀರೇ ಮತ್ತೆ ಮತ್ತೆ ನುಗ್ಗಿತು. ಉತ್ಖನನದ ಪದರಗಳಲ್ಲಿ ನೆರೆಯ ಹೂಳು, ಅದರ ಮೇಲೆ ಹೊಸ ಇಟ್ಟಿಗೆ. ಜನ ಪ್ರತಿ ಸಲವೂ ಜಗಲಿ ಎತ್ತರಿಸಿ ಮನೆ ಕಟ್ಟಿಕೊಂಡರು. ಕ್ರಿ.ಪೂ. 1900ರ ಸುಮಾರಿಗೆ ಬಂದ ಮಹಾಪೂರದ ನಂತರ ಮಾತ್ರ ಊರು ಮೊದಲಿನಂತಾಗಲಿಲ್ಲ.

ಗುಜರಾತಿನ ಊರುಗಳಿಗೆ ಹೊಳೆ ನುಗ್ಗುವುದು ಇಂದಿಗೂ ನಿಂತಿಲ್ಲ. 2006ರಲ್ಲಿ ತಾಪಿ ನದಿ ಸೂರತ್ತನ್ನು ಮುಳುಗಿಸಿತು; 2024ರಲ್ಲಿ ವಿಶ್ವಾಮಿತ್ರಿ ನದಿ ವಡೋದರಾದ ಬೀದಿಗಳಿಗೆ ಬಂತು. ಊರು ಕಟ್ಟುವಾಗ ಹೊಳೆಯ ಹಳೆಯ ದಾರಿಯನ್ನೂ ಕೇಳಿಕೊಳ್ಳಬೇಕು. ಲೋಥಲ್‌ನ ಮಂದಿ ಜಗಲಿ ಎತ್ತರಿಸುವಾಗಲೆಲ್ಲ ಅದನ್ನೇ ಕೇಳಿಕೊಂಡಿದ್ದರು.