ತಂದೆಯ ಹೆಸರುಂಟು, ತಾಯಿಯ ಹೆಸರಿಲ್ಲ: ಆಂಗ್ಲೋ ಇಂಡಿಯನ್ನರ ಮೂಲದ ಹುಡುಕಾಟ

ಸಾಫ್ಟ್‌ವೇರ್ ಕಂಪನಿಗಳಿಂದಾಗಿ ಇಂದು ಜಗತ್ತಿಗೆ ಪರಿಚಿತವಾಗಿರುವ ಬೆಂಗಳೂರಿನ ವೈಟ್‌ಫೀಲ್ಡ್ ಮೂಲತಃ ಒಂದು ಸಮುದಾಯದ ಕೃಷಿ ವಸಾಹತು. ಯುರೋಪಿಯನ್ ಮತ್ತು ಭಾರತೀಯ ಮಿಶ್ರ ಮೂಲದ ಕುಟುಂಬಗಳು ನೆಲೆಸಲೆಂದು ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅವರು 1882ರಲ್ಲಿ 3,900 ಎಕರೆ ಭೂಮಿಯನ್ನು ನೀಡಿದ್ದರು. ಸಮುದಾಯದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿಗೂ ಬಂದಿತು.

ರೈಲ್ವೆ, ಅಂಚೆ-ತಂತಿ ಇಲಾಖೆ, ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದ ಈ ಆಂಗ್ಲೋ ಇಂಡಿಯನ್ ಸಮುದಾಯದ ಸಾವಿರಾರು ಮಂದಿ 1947ರ ನಂತರ ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ವಲಸೆ ಹೋದರು. ಅವರ ಮಕ್ಕಳು, ಮೊಮ್ಮಕ್ಕಳು ಈಗ ವಂಶದ ಬೇರುಗಳನ್ನು ಅರಸುತ್ತಿದ್ದಾರೆ. ಯುರೋಪಿನ ಮೂಲಪುರುಷನನ್ನು ಹುಡುಕಹೊರಟ ಬಹಳಷ್ಟು ಕುಟುಂಬಗಳು ಕೊನೆಗೆ ಬಂದು ನಿಲ್ಲುವುದು ಹೆಸರೇ ದಾಖಲಾಗದ ಭಾರತೀಯ ಅಜ್ಜಿಯೊಬ್ಬಳ ಎದುರು.

ಸಂವಿಧಾನದ ವ್ಯಾಖ್ಯೆ

ಆಂಗ್ಲೋ ಇಂಡಿಯನ್ ಎಂದರೆ ಯಾರು? ಸಂವಿಧಾನದ 366(2)ನೇ ವಿಧಿ ಇದಕ್ಕೆ ಸ್ಪಷ್ಟ ಉತ್ತರ ನೀಡುತ್ತದೆ. ವ್ಯಕ್ತಿಯ ತಂದೆ ಅಥವಾ ತಂದೆಯ ಕಡೆಯ ಪುರುಷ ಪೂರ್ವಜರಲ್ಲಿ ಒಬ್ಬರು ಯುರೋಪ್ ಮೂಲದವರಾಗಿರಬೇಕು. ಜೊತೆಗೆ ಆ ವ್ಯಕ್ತಿ ಭಾರತದಲ್ಲೇ ಕಾಯಂ ಆಗಿ ನೆಲೆಸಿದ ತಂದೆತಾಯಿಯರಿಗೆ ಇಲ್ಲಿಯೇ ಜನಿಸಿ, ಇಲ್ಲಿನ ನಿವಾಸಿಯಾಗಿರಬೇಕು. ಬ್ರಿಟಿಷ್ ಮೂಲವೇ ಆಗಬೇಕೆಂದಿಲ್ಲ. ಪೋರ್ಚುಗೀಸ್, ಡಚ್, ಫ್ರೆಂಚ್ ಮೂಲವೂ ಆದೀತು. ಆದರೆ ತಾಯಿಯ ಕಡೆಯ ಮೂಲ ಇಲ್ಲಿ ಲೆಕ್ಕಕ್ಕೆ ಬಾರದು.

ಈ ವ್ಯಾಖ್ಯೆಯ ಆಧಾರದಲ್ಲೇ ಸಮುದಾಯಕ್ಕೆ ಲೋಕಸಭೆಯಲ್ಲಿ ಎರಡು ಹಾಗೂ ಕರ್ನಾಟಕ ವಿಧಾನಸಭೆಯಲ್ಲಿ ಒಂದು ನಾಮಕರಣ ಸ್ಥಾನ ದೊರೆಯುತ್ತಿತ್ತು. ಸಂವಿಧಾನದ 104ನೇ ತಿದ್ದುಪಡಿಯೊಂದಿಗೆ 2020ರ ಜನವರಿಯಲ್ಲಿ ಈ ವ್ಯವಸ್ಥೆ ಕೊನೆಗೊಂಡಿತು. 2011ರ ಜನಗಣತಿಯಂತೆ ದೇಶದಲ್ಲಿ ಆಂಗ್ಲೋ ಇಂಡಿಯನ್ನರ ಸಂಖ್ಯೆ ಕೇವಲ 296 ಎಂದು ಕೇಂದ್ರ ಸರ್ಕಾರ ಅಂದು ಸಂಸತ್ತಿನಲ್ಲಿ ಹೇಳಿದ್ದನ್ನು ಸಮುದಾಯದ ಮುಖಂಡರು ಒಪ್ಪಲಿಲ್ಲ.

ಹುಡುಕಾಟದ ಹಾದಿ

ವಂಶಾವಳಿಯನ್ನು ಇಂದಿನಿಂದ ಹಿಂದಕ್ಕೆ, ಒಂದೊಂದೇ ತಲೆಮಾರಾಗಿ ಕಟ್ಟುತ್ತಾ ಹೋಗಬೇಕು. ಮನೆಯ ಹಿರಿಯರ ನೆನಪು, ಹಳೆಯ ಪತ್ರಗಳು, ಸಮಾಧಿಯ ಕಲ್ಲಿನ ಬರಹ ಮೊದಲ ಆಧಾರಗಳು. ನಂತರದ್ದು ಚರ್ಚಿನ ಜ್ಞಾನಸ್ನಾನ, ಮದುವೆ ಹಾಗೂ ಸಮಾಧಿ ರಿಜಿಸ್ಟರುಗಳು. ಇವುಗಳ ಪ್ರತಿಗಳನ್ನು ಪ್ರಾಂತ್ಯಗಳಿಂದ ಲಂಡನ್ನಿಗೆ ಕಳುಹಿಸುವ ಪದ್ಧತಿಯಿತ್ತು. ಇಂದು ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳ ಭಾಗವಾಗಿವೆ. ಮದ್ರಾಸ್ ಪ್ರಾಂತ್ಯದ ದಾಖಲೆಗಳು 1698ರಿಂದ, ಬೊಂಬಾಯಿಯವು 1709ರಿಂದ, ಬಂಗಾಳದವು 1713ರಿಂದ ಆರಂಭವಾಗುತ್ತವೆ. ಆದರೆ ಎಲ್ಲ ಪ್ರತಿಗಳೂ ಲಂಡನ್ ತಲುಪಿರಲಿಲ್ಲ. ಆದ್ದರಿಂದ ಅಲ್ಲಿ ಹೆಸರು ಸಿಗದಿದ್ದರೆ ಇಲ್ಲಿನ ಚರ್ಚಿನಲ್ಲಿರುವ ಮೂಲ ರಿಜಿಸ್ಟರನ್ನೇ ನೋಡಬೇಕಾಗುತ್ತದೆ.

ಮೂಲಪುರುಷ ಸೈನಿಕನಾಗಿದ್ದರೆ ಕೆಲಸ ತುಸು ಸುಲಭ. ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನಿಕರ ವಯಸ್ಸು, ಕಸುಬು, ಹುಟ್ಟೂರುಗಳನ್ನು ಬರೆದಿಡುತ್ತಿತ್ತು. ರಾಜನ ಪಡೆಯವನಾಗಿದ್ದರೆ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಅರಸಬೇಕು. 1998ರಲ್ಲಿ ಸ್ಥಾಪನೆಯಾದ ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ ಇಂತಹ ಹುಡುಕಾಟಕ್ಕೆ ನೆರವಾಗುತ್ತಿದೆ.

ಉಪನಾಮವನ್ನು ಮಾತ್ರ ನೆಚ್ಚಿಕೊಳ್ಳುವಂತಿಲ್ಲ. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರಲ್ಲಿ ಡಿಸೋಜ, ಪಿಂಟೊ, ಪಿರೇರಾ ಮುಂತಾದ ಪೋರ್ಚುಗೀಸ್ ಹೆಸರುಗಳು ಸಾಮಾನ್ಯ. ಇವು ಮತಾಂತರದ ಸಂದರ್ಭದಲ್ಲಿ ಬಂದ ಹೆಸರುಗಳೇ ಹೊರತು ರಕ್ತಸಂಬಂಧದ ಪುರಾವೆಯಲ್ಲ.

ಹೆಸರಿಲ್ಲದ ಅಜ್ಜಿಯರು

ಹಳೆಯ ರಿಜಿಸ್ಟರುಗಳಲ್ಲಿ ತಂದೆಯ ಹೆಸರು, ಹುದ್ದೆ, ರೆಜಿಮೆಂಟುಗಳ ವಿವರ ಸಿಗುತ್ತದೆ. ತಾಯಿ ಭಾರತೀಯಳಾಗಿದ್ದರೆ ಹಲವೆಡೆ ಆ ಸ್ಥಳದಲ್ಲಿರುವುದು 'ದೇಶೀ ಹೆಂಗಸು' ಎಂಬ ಒಂದೇ ಮಾತು. ಇಲ್ಲವೇ ಜ್ಞಾನಸ್ನಾನದ ನಂತರ ಬಂದ ಒಂದು ಕ್ರೈಸ್ತ ಹೆಸರು. ಆಕೆಯ ಊರು, ಭಾಷೆ, ತವರು ಯಾವುದೂ ತಿಳಿಯುವುದಿಲ್ಲ.

ಇದಕ್ಕೆ ಕಂಪನಿಯ ನೀತಿಯೂ ಕಾರಣ. ಮದ್ರಾಸಿನಲ್ಲಿ ತನ್ನ ಸೈನಿಕರು ಸ್ಥಳೀಯ ಮಹಿಳೆಯರನ್ನು ಮದುವೆಯಾಗಲೆಂದು 1687ರಲ್ಲಿ ಪ್ರೋತ್ಸಾಹಿಸಿದ್ದ ಕಂಪನಿ, ನೂರು ವರ್ಷಗಳ ನಂತರ ಮನಸ್ಸು ಬದಲಿಸಿತು. ಇಂತಹ ದಾಂಪತ್ಯದಲ್ಲಿ ಹುಟ್ಟಿದವರಿಗೆ 1791ರಲ್ಲಿ ಕಂಪನಿಯ ಆಡಳಿತ ಹಾಗೂ ಸೇನಾ ಹುದ್ದೆಗಳ ಬಾಗಿಲು ಮುಚ್ಚಿತು. 1795ರ ವೇಳೆಗೆ ಸೇನೆಯಲ್ಲಿ ಅವರಿಗೆ ಉಳಿದದ್ದು ವಾದ್ಯ ನುಡಿಸುವುದು, ಕುದುರೆಗೆ ಲಾಳ ಹೊಡೆಯುವುದು ಮುಂತಾದ ಕೆಲಸಗಳು ಮಾತ್ರ. ಭಾರತೀಯ ತಾಯಿಯಿರುವುದೇ ಅನ್ನಕ್ಕೆ ಕುತ್ತಾದಾಗ ಆಕೆಯ ಸುದ್ದಿಯನ್ನು ಮುಚ್ಚಿಡುವುದು ಕುಟುಂಬಗಳಿಗೆ ಅನಿವಾರ್ಯವಾಯಿತು.

ಈ ಭಯ ಇಪ್ಪತ್ತನೆಯ ಶತಮಾನದವರೆಗೂ ಉಳಿಯಿತು. ಹಾಲಿವುಡ್ ತಾರೆ ಮರ್ಲ್ ಒಬೆರಾನ್ 1911ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದರೂ ತಮ್ಮ ಜನ್ಮಸ್ಥಳ ಆಸ್ಟ್ರೇಲಿಯಾದ ಟಾಸ್ಮೇನಿಯಾ ಎಂದೇ ಹೇಳಿಕೊಂಡಿದ್ದರು. ನಿಜ ಸಂಗತಿ ಲೋಕಕ್ಕೆ ತಿಳಿದದ್ದು 1979ರಲ್ಲಿ ಅವರು ನಿಧನರಾದ ನಂತರ.

ನೂರಿಪ್ಪತ್ತೆಂಟರಲ್ಲಿ ಒಬ್ಬ

ಕಾಗದ ಮರೆಮಾಚಿದ್ದನ್ನು ಈಗ ಡಿಎನ್‌ಎ ಪರೀಕ್ಷೆ ಹೇಳುತ್ತಿದೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಹರಿದುಬರುತ್ತದೆ. ಮೈಟೋಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಹೀಗಾಗಿ ವ್ಯಕ್ತಿಯೊಬ್ಬನ ತಂದೆಯ ಸಾಲು ಯುರೋಪನ್ನೂ ತಾಯಿಯ ಸಾಲು ಭಾರತವನ್ನೂ ತೋರಿಸುವುದುಂಟು. ಆದರೆ ಈ ಪರೀಕ್ಷೆ ಅಜ್ಜಿಯ ಹೆಸರನ್ನು ಹೇಳಲಾರದು. ಒಂದು ಕಂಪನಿ ನೀಡುವ ಶೇಕಡಾವಾರು ಲೆಕ್ಕಕ್ಕೂ ಇನ್ನೊಂದರ ಲೆಕ್ಕಕ್ಕೂ ವ್ಯತ್ಯಾಸವಿರಬಹುದು ಎಂಬುದನ್ನೂ ಗಮನಿಸಬೇಕು.

ಮೂಲ ತಿಳಿದ ಮಾತ್ರಕ್ಕೆ ವಿದೇಶದ ಬಾಗಿಲು ತೆರೆಯದು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಬ್ರಿಟನ್ ನೀಡುವ ಪೂರ್ವಜ ಮೂಲದ ವೀಸಾಕ್ಕೆ ಅಜ್ಜ ಅಥವಾ ಅಜ್ಜಿಯೇ ಅಲ್ಲಿ ಹುಟ್ಟಿರಬೇಕು. ಮುತ್ತಜ್ಜ ಹುಟ್ಟಿದ್ದರೆ ಸಾಲದು. ಇಲ್ಲಿ ತಾಯಿಯ ಕಡೆಯವರನ್ನೂ ಪರಿಗಣಿಸಲಾಗುತ್ತದೆ ಎಂಬುದು ವಿಶೇಷ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ ಭಾರತದ ಪೌರತ್ವ ರದ್ದಾಗುತ್ತದೆ ಎಂಬುದೂ ನೆನಪಿರಬೇಕು.

ಏಳು ತಲೆಮಾರು ಎನ್ನುವುದು ನಮ್ಮಲ್ಲಿ ರೂಢಿಯ ಮಾತು. ಲೆಕ್ಕ ಹಾಕಿದರೆ ಏಳನೆಯ ತಲೆಮಾರಿನಲ್ಲಿ ಪ್ರತಿಯೊಬ್ಬರಿಗೂ 128 ಪೂರ್ವಜರ ಸ್ಥಾನಗಳಿವೆ. ಅವರಲ್ಲಿ ಉಪನಾಮ ಕೊಟ್ಟವನು, ಕಾನೂನು ಗುರುತಿಸುವವನು ಒಬ್ಬನೇ. ಉಳಿದ 127 ಮಂದಿಯೂ ಅಷ್ಟೇ ಹತ್ತಿರದ ಬಂಧುಗಳು. ಕೋಲಾರದ ಗಣಿ 2001ರಲ್ಲಿ ಮುಚ್ಚಿ, ಅಲ್ಲಿನ ಕುಟುಂಬಗಳು ಚದುರಿಹೋಗಿವೆ. ಅಂದಿನದನ್ನು ಕಂಡ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಲಂಡನ್ನಿನ ರಿಜಿಸ್ಟರು ನಾಳೆಯೂ ಅಲ್ಲಿಯೇ ಇರುತ್ತದೆ. ಅದರಲ್ಲಿ ಬರೆಯದೆ ಬಿಟ್ಟ ಅಜ್ಜಿಯ ಹೆಸರು ಎಲ್ಲಾದರೂ ಉಳಿದಿದ್ದರೆ ಅದು ಈ ಹಿರಿಯರ ನೆನಪಿನಲ್ಲಿ ಮಾತ್ರ. ಮೂಲ ಹುಡುಕುವವರು ಮೊದಲು ಕೇಳಿ ಬರೆದುಕೊಳ್ಳಬೇಕಾದದ್ದು ಅದನ್ನೇ.