ಮೊದಲ ಹಾಲಿನ ಹೊತ್ತು

ಕೊಡಗಿನಲ್ಲಿ ಆಷಾಢದ ಮಳೆ ಹಿಡಿದರೆ ಬಿಡುವುದಿಲ್ಲ. ಕಾಫಿ ತೋಟದ ಅಂಚಿನ ಹಂದಿಗೂಡಿನ ತಗಡಿನ ಮೇಲೆ ಅದು ಒಂದೇ ಸಮನೆ ಬಡಿಯುತ್ತಿದೆ. ಒಳಗೆ ಒಣಹುಲ್ಲು, ಮೂಲೆಯಲ್ಲಿ ಇಳಿಬಿಟ್ಟ ಕಾವಿನ ಬಲ್ಬು. ಅದರ ಕೆಳಗೆ ರಾತ್ರಿ ಹುಟ್ಟಿದ ಹನ್ನೆರಡು ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿವೆ. ಬಿಳಿ ಯಾರ್ಕ್‌ಶೈರ್ ತಾಯಿ ಮಗ್ಗುಲಿಗೆ ಹೊರಳಿ ಗುರುಗುಟ್ಟಿದ್ದೇ ತಡ, ಎಲ್ಲವೂ ಎದ್ದು ಮೊಲೆಗಳತ್ತ ನುಗ್ಗಿದವು. ಬಲವಿದ್ದವು ಎದೆಯ ಕಡೆಯ ಮೊಲೆಗಳನ್ನು ಹಿಡಿದವು. ಕೊನೆಗೆ ಹುಟ್ಟಿದ ಬಡಕಲು ಮರಿ ಹಿಂಗಾಲಿನ ಹತ್ತಿರ ತಡಕಾಡುತ್ತಿತ್ತು.

ಪಕ್ಕದ ಗೂಡಿನ ವಾಸನೆಯೇ ಬೇರೆ, ಹುಳಿ ಹುಳಿ. ಅಲ್ಲಿನ ಮರಿಗಳಿಗೆ ಇನ್ನೂ ವಾರ ತುಂಬಿಲ್ಲ. ಬಾಲ ಒದ್ದೆ, ಕಣ್ಣು ಗುಳಿಬಿದ್ದಿವೆ, ನೀರಿನಂಥ ಹಳದಿ ಬೇಧಿ ಹುಲ್ಲಿಗೆಲ್ಲ ಹರಡಿದೆ. ಮನೆಯಾಕೆಯ ಕೈಯಲ್ಲಿ ಪೇಟೆಯಿಂದ ತಂದ ಬಾಟಲಿ: ವಿಟಮಿನ್, ಸೆಲೆನಿಯಂ, ಯೀಸ್ಟಿನ ಸಾರ. ಪಶು ಔಷಧದ ಅಂಗಡಿಗಳಲ್ಲಿ ಇಂಥವು ಸಾಲುಸಾಲಾಗಿ ನಿಂತಿರುತ್ತವೆ.

“ಡಾಕ್ಟ್ರೇ, ಇದನ್ನು ಕುಡಿಸಿದ್ರೆ ಮರಿ ಉಳೀತದಾ?”

“ಶಕ್ತಿಗೆ ಸ್ವಲ್ಪ ಆಸರೆ ಆಗ್ತದೆ ಅಕ್ಕ. ಮೊದಲು ಉಪ್ಪು–ಗ್ಲೂಕೋಸಿನ ನೀರು ಇಡಿ. ಇವು ಸಾಯೋದು ನೀರು ಹೋಗಿ.”

ಆ ಉತ್ತರದ ಹಿಂದೆ ಮರಿಯ ಕರುಳಿನ ಕಥೆಯಿದೆ. ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ, ತುಂಬಾ ಎಳೆ ಎಳೆ. ಹಾಲನ್ನು ಹೀರುವುದು ಆ ಎಳೆಗಳೇ. ರೋಟಾ, ಕೊರೊನಾ ಬಳಗದ ವೈರಸ್‌ಗಳು ಅವುಗಳ ತುದಿಯ ಕೋಶಗಳನ್ನೇ ಕೊಲ್ಲುತ್ತವೆ. ಆಮೇಲೆ ಕುಡಿದ ಹಾಲು ಹಾಗೇ ಹರಿದುಹೋಗುತ್ತದೆ. ಎಳೆ ಮತ್ತೆ ಬೆಳೆಯಲು ಎಳೆಮರಿಗೆ ಸುಮಾರು ಒಂದು ವಾರ ಬೇಕು, ಅಷ್ಟು ದಿನ ಅದು ತಾಳಬೇಕು. ವೈರಸ್ಸಿನ ಮೇಲೆ ಆಂಟಿಬಯಾಟಿಕ್ ನಡೆಯುವುದಿಲ್ಲ. 2013ರಲ್ಲಿ ಅಮೆರಿಕಕ್ಕೆ ಇಂಥದೊಂದು ಕೊರೊನಾ ಬೇಧಿ ನುಗ್ಗಿದಾಗ ಲಕ್ಷಗಟ್ಟಲೆ ಮರಿಗಳು ಸತ್ತವು. ದೊಡ್ಡ ದೊಡ್ಡ ಫಾರ್ಮುಗಳೇ ಕೈಚೆಲ್ಲಿದ್ದವು.

ಹಂದಿಮರಿ ಹುಟ್ಟುವಾಗ ರಕ್ಷಣೆಯೇ ಇಲ್ಲದೆ ಹುಟ್ಟುತ್ತದೆ. ಮನುಷ್ಯರ ಕೂಸಿಗೆ ಗರ್ಭದಲ್ಲೇ ಸಿಗುವ ಪ್ರತಿಕಾಯಗಳನ್ನು ಹಂದಿಯ ಮಾಸು ದಾಟಗೊಡುವುದಿಲ್ಲ. ಅವು ಬರಬೇಕಾದದ್ದು ಗಿಣ್ಣುಹಾಲಿನಲ್ಲಿ. ಅವನ್ನು ಹಾಗೇ ರಕ್ತಕ್ಕೆ ಬಿಟ್ಟುಕೊಳ್ಳುವ ಕರುಳಿನ ಬಾಗಿಲು ಸುಮಾರು 24 ಗಂಟೆಗಳಲ್ಲಿ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಪ್ರತಿ ಮರಿಗೂ ಹೆಚ್ಚುಕಡಿಮೆ 250 ಗ್ರಾಂ ಸೇರಬೇಕು. ಆಮೇಲಿನ ಹಾಲಿನ ಪ್ರತಿಕಾಯಗಳು ಕರುಳಿನಲ್ಲೇ ನಿಂತು ಕಾಯುತ್ತವೆ, ಆದ್ದರಿಂದ ಬೇಧಿ ಹಿಡಿದ ಮರಿಯನ್ನೂ ತಾಯಿಯಿಂದ ಬೇರೆ ಮಾಡಬಾರದು. ಯಾವ ಬಾಟಲಿಯೂ ಈ ಹಾಲಿಗೆ ಸಮವಲ್ಲ. ಇದನ್ನು ಸಾಕುವವರಿಗೆ ಮೊದಲೇ ಬಿಡಿಸಿ ಹೇಳಬೇಕು. ಬೇಧಿ ಶುರುವಾದ ಮೇಲೆ ಹೇಳುವುದು ಅವರಿಗೆ ಮಾಡುವ ಅನ್ಯಾಯ.

ಡಾಕ್ಟರು ಮೊದಲ ಗೂಡಿಗೇ ಹೋದರು. ಹೊಟ್ಟೆ ತುಂಬಿದ ಆರು ಮರಿಗಳನ್ನು ಬುಟ್ಟಿಗೆ ಹಾಕಿ ಬಲ್ಬಿನಡಿ ಇಟ್ಟರು. ಜಾಗ ಸಿಕ್ಕಿದ್ದೇ ಬಡಕಲು ಮರಿ ಮುಂದಿನ ಮೊಲೆಗೆ ಬಾಯಿ ಹಾಕಿತು, ಗಂಟಲು ಕುಣಿಯತೊಡಗಿತು. “ಒಂದು ಗಂಟೆ ಹೀಗೇ ಇರಲಿ. ಆಮೇಲೆ ಬುಟ್ಟಿಯವನ್ನು ಬಿಡಿ.” ಎಲ್ಲ ಮುಗಿದ ಮೇಲಷ್ಟೇ ಬೇಧಿಯ ಗೂಡಿಗೆ ಕಾಲಿಟ್ಟರು. ಅಲ್ಲಿಂದ ಬಂದವರು ಬೂಟು ತೊಳೆದು ಸುಣ್ಣದ ಪುಡಿ ತುಳಿದರು.

ಮನೆಯಾಕೆಯ ಮಗ ನೀರು ಕಾಯಿಸಿ ತಂದ. ಬೆಚ್ಚಗಿನ ಉಪ್ಪುನೀರನ್ನು ಅಗಲ ತಟ್ಟೆಗೆ ಹಾಕಿ, ಒಂದೊಂದು ಮರಿಯ ಮೂತಿಯನ್ನೂ ಅದಕ್ಕೆ ಮುಟ್ಟಿಸಿದ. ಎರಡು ನೆಕ್ಕಿದವು. ಒಂದು ಮುಖ ತಿರುಗಿಸಿತು. ಅದಕ್ಕೆ ಸಿರಿಂಜಿನಿಂದ ಹನಿಹನಿಯಾಗಿ ಬಿಟ್ಟ.

“ಈ ಬಾಟಲಿ ಏನು ಮಾಡ್ಲಿ?”

ಡಾಕ್ಟರು ಮೂರನೇ ಗೂಡು ತೋರಿಸಿದರು. ಅಲ್ಲಿ ತುಂಬು ಗಬ್ಬದ ಹಂದಿ ತೌಡಿನ ಬಾನಿಗೆ ಮೂತಿ ಇಟ್ಟು ನಿಂತಿತ್ತು. “ಹೇಳಿದ ಅಳತೇಲಿ ಇದರ ತೌಡಿಗೆ ಬೆರೆಸಿ. ಮರಿ ಹಾಕೋಕೆ ಇನ್ನೂ ಮೂರು ವಾರ ಇದೆ.”